ಈ ತಿಂಗಳ ಪಾಠ: ತೂಕ ಇಳಿಸುವುದು, ಇಳಿದ ತೂಕ ಮತ್ತೆ ಏರದಂತೆ ನೋಡಿಕೊಳ್ಳುವುದು



ಒಂದು ಒಕ್ಕೂಟದ ಸಭೆ ಮುಗಿಸಿ ಹೊರಡುವಾಗ ಸದಸ್ಯೆಯೊಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. "ಸಿಸ್ಟರ್, ನಾನು ಸರಿಯಾಗಿ ಊಟಾನೇ ಮಾಡಲ್ಲ. ಬೆಳಗ್ಗೆ ಒಂದು ಟೀ ಕುಡಿದು ಕೆಲಸಕ್ಕೆ ಹೋಗ್ತೀನಿ. ಆದ್ರೂ ದಪ್ಪ ಆಗ್ತಾನೇ ಇದೀನಿ. ಮಂಡಿ ನೋವು ಅಂತ ಡಾಕ್ಟ್ರ ಹತ್ರ ಹೋದ್ರೆ, ತೂಕ ಇಳಿಸಮ್ಮ ಅಂತ ಬೈದು ಕಳಿಸ್ತಾರೆ. ಹೇಗೆ ಇಳಿಸೋದು ಅಂತ ಮಾತ್ರ ಯಾರೂ ಹೇಳಲ್ಲ" ಅಂದರು. ಕಣ್ಣಲ್ಲಿ ನೀರಿತ್ತು. ಜಗಲಿ ಮೇಲೆ ಇಬ್ಬರೂ ಕೂತುಕೊಂಡೆವು. ಹಿಂದಿನ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಬಾಯಿಗೆ ಏನೇನು ಹೋಯಿತು ಅಂತ ಒಂದೊಂದಾಗಿ ನೆನಪಿಸಿಕೊಂಡು ಅವರ ಪಾಸ್‌ಬುಕ್ಕಿನ ಹಿಂದಿನ ಖಾಲಿ ಹಾಳೆಯಲ್ಲೇ ಬರೆದೆವು.

ಐದು ಗಂಟೆಗೆ ಎದ್ದ ಕೂಡಲೇ ಟೀ, ಎರಡು ಚಮಚ ಸಕ್ಕರೆ. ಮಕ್ಕಳ ಡಬ್ಬಿ ಕಟ್ಟುವಾಗ ಬಾಣಲೆಯಲ್ಲಿ ಉಳಿದ ಎರಡು ಹಿಡಿ ಚಿತ್ರಾನ್ನ, ಚಿಕ್ಕ ಮಗ ಬಿಟ್ಟ ಅರ್ಧ ದೋಸೆ. ಹನ್ನೊಂದಕ್ಕೆ ಟೀ, ಜೊತೆಗೆ ನಾಲ್ಕು ಬಿಸ್ಕತ್ತು. ಎರಡು ಗಂಟೆಗೆ ತಟ್ಟೆ ತುಂಬ ಅನ್ನ, ತಿಳಿ ಸಾರು. ಐದಕ್ಕೆ ಟೀ, ಒಂದು ಹಿಡಿ ಖಾರ ಮಿಕ್ಸ್‌ಚರ್. ಯಾರಾದರೂ ಮನೆಗೆ ಬಂದರೆ ಅವರ ಜೊತೆ ಮತ್ತೊಂದು ಟೀ. ರಾತ್ರಿ ಎಲ್ಲರೂ ಉಂಡ ಮೇಲೆ, ಹತ್ತು ಗಂಟೆಗೆ, ಪಾತ್ರೆ ತಳದಲ್ಲಿ ಉಳಿದ ಅನ್ನವೆಲ್ಲ. "ಚೆಲ್ಲೋಕೆ ಮನಸ್ಸು ಬರಲ್ಲ ಸಿಸ್ಟರ್, ನಾಯಿಗೂ ಅಷ್ಟು ಹಾಕೋಕಾಗಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ತಟ್ಟೆ ಹಾಕಿಕೊಂಡು, ಕೂತು, ಊಟ ಅಂತ ಮಾಡಿದ್ದು ದಿನಕ್ಕೆ ಒಂದೇ ಸಲ. ಉಳಿದದ್ದೆಲ್ಲ ಊಟದ ಲೆಕ್ಕಕ್ಕೇ ಬಂದಿರಲಿಲ್ಲ. ನಮ್ಮ ಮನೆಗಳಲ್ಲಿ ತಾಯಂದಿರು ಕೊನೆಗೆ ಉಣ್ಣುತ್ತಾರೆ, ಉಳಿದದ್ದನ್ನು ಉಣ್ಣುತ್ತಾರೆ, ನಿಂತುಕೊಂಡು ಉಣ್ಣುತ್ತಾರೆ. ತೂಕದ ಪಾಠವನ್ನು ಇಲ್ಲಿಂದ ಶುರು ಮಾಡದೆ ಪತ್ರಿಕೆಯಲ್ಲಿ ಬರುವ ಡಯಟ್ ಪಟ್ಟಿಯಿಂದ ಶುರು ಮಾಡಿದರೆ ಪ್ರಯೋಜನ ಆಗಲ್ಲ ಅನ್ನೋದು ಇಷ್ಟು ವರ್ಷದ ನನ್ನ ಅನುಭವ.

ಬಡವರಿಗೂ ಈ ತೊಂದರೆ ಇದೆಯಾ?

ಇದೆ. ಮೊದಲೆಲ್ಲ ದಪ್ಪ ಆಗುವುದು ಸಾಹುಕಾರರ ಕಾಯಿಲೆ ಅನ್ನುತ್ತಿದ್ದೆವು. ನಾನು ಸಮಾಜ ಸೇವೆಯ ಕೆಲಸಕ್ಕೆ ಬಂದ ಹೊಸದರಲ್ಲಿ ಹಳ್ಳಿಗೆ ಹೋದರೆ ಕಾಣುತ್ತಿದ್ದುದು ಸೊರಗಿದ ತಾಯಂದಿರು. ಈಗ ಅದೇ ಬೀದಿಯಲ್ಲಿ ಸೊರಗಿದ ಮಗಳೂ ಇದ್ದಾಳೆ, ಮೆಟ್ಟಿಲು ಹತ್ತಲಾರದ ತಾಯಿಯೂ ಇದ್ದಾಳೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚು ತೂಕ ಇದ್ದವರು 2015-16ರಲ್ಲಿ ನೂರಕ್ಕೆ 23 ಮಂದಿ. 2019-21ರ ಸಮೀಕ್ಷೆಯಲ್ಲಿ ನೂರಕ್ಕೆ 30. ಅದೇ ಸಮೀಕ್ಷೆಯಲ್ಲಿ ತೀರಾ ಕಡಿಮೆ ತೂಕದವರು ನೂರಕ್ಕೆ 17, ರಕ್ತಹೀನತೆ ಇದ್ದವರು ನೂರಕ್ಕೆ ಸುಮಾರು 48. ಅಂದರೆ ದಪ್ಪ ಇದ್ದೂ ರಕ್ತ ಇಲ್ಲದವರು ನಮ್ಮ ಸಂಘಗಳಲ್ಲೇ ಎಷ್ಟೋ ಮಂದಿ ಇದ್ದಾರೆ. "ನೋಡೋಕೆ ಗುಂಡುಗುಂಡಾಗಿದಾಳೆ, ಅವಳಿಗೇನು ಕಡಿಮೆ" ಅನ್ನೋ ಮಾತನ್ನು ಇನ್ನು ಬಿಡಬೇಕು. ಹೊಟ್ಟೆ ತುಂಬಿರಬಹುದು, ಆದರೆ ತುಂಬಿದ್ದು ಬರೀ ಅನ್ನ, ಸಕ್ಕರೆ, ಎಣ್ಣೆ. ಸೊಪ್ಪು, ಕಾಳು, ಮೊಟ್ಟೆ ಇಲ್ಲದಿದ್ದರೆ ರಕ್ತ ಎಲ್ಲಿಂದ ಬರಬೇಕು?

ತೂಕ ಇಳಿಸುವವರು ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ನೀವು ಕಡಿಮೆ ಮಾಡಬೇಕಾದದ್ದು ಕೆಲವು, ಜಾಸ್ತಿ ಮಾಡಬೇಕಾದದ್ದು ಕೆಲವು. ಎಲ್ಲವನ್ನೂ ಕಡಿಮೆ ಮಾಡಿದರೆ ಇರುವ ರಕ್ತವೂ ಹೋಗುತ್ತದೆ.

ಯಾರು ಇಳಿಸಬೇಕು, ಯಾರು ಇಳಿಸಬಾರದು

ಕನ್ನಡಿ ನೋಡಿ ತೀರ್ಮಾನ ಮಾಡಬೇಡಿ, ಪಕ್ಕದ ಮನೆಯವಳ ಮಾತು ಕೇಳಿಯೂ ಮಾಡಬೇಡಿ. ಹೊಲಿಗೆಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸೀರೆಯ ನೆರಿಗೆ ಸರಿಸಿ, ಉಸಿರು ಬಿಟ್ಟು ಅಳತೆ ತೆಗೆದುಕೊಳ್ಳಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ನಿಮಗೇ ಮೋಸ. ಹೆಂಗಸರಿಗೆ 80 ಸೆಂಟಿಮೀಟರ್ ಅಂದರೆ ಮೂವತ್ತೊಂದೂವರೆ ಇಂಚು, ಗಂಡಸರಿಗೆ 90 ಸೆಂಟಿಮೀಟರ್ ಅಂದರೆ ಮೂವತ್ತೈದೂವರೆ ಇಂಚು. ಇದಕ್ಕಿಂತ ಜಾಸ್ತಿ ಇದ್ದರೆ ಎಚ್ಚರ ಬೇಕು. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಬಂದು ತುಂಬುವ ಫಾರಂನಲ್ಲಿ ಈ ಸೊಂಟದ ಅಳತೆಗೂ ಒಂದು ಕಾಲಂ ಇದೆ. ಎಷ್ಟೋ ಸಲ ಅವರು ನಾಚಿಕೊಂಡು, ನೀವೂ ನಾಚಿಕೊಂಡು, ಅಂದಾಜಿನಲ್ಲಿ ಬರೆದುಬಿಡುತ್ತೀರಿ. ಮುಂದಿನ ಸಲ ನಿಜವಾಗಿ ಅಳೆಸಿಕೊಳ್ಳಿ.

ಎತ್ತರಕ್ಕೆ ತಕ್ಕ ತೂಕದ ಲೆಕ್ಕವೂ ಇದೆ. 150 ಸೆಂಟಿಮೀಟರ್ ಎತ್ತರದ ಹೆಂಗಸಿಗೆ 52 ಕೆಜಿಯವರೆಗೆ ಸರಿ. 56 ದಾಟಿದರೆ ನಮ್ಮ ದೇಶದವರಿಗೆ ಹಾಕಿದ ಲೆಕ್ಕದಲ್ಲಿ ಅದು ಬೊಜ್ಜು. ವಿದೇಶದವರಿಗೆ ಈ ಮಿತಿ ಇನ್ನೂ ಮೇಲಿದೆ. ನಮ್ಮವರಿಗೆ ಯಾಕೆ ಕೆಳಗಿಟ್ಟಿದ್ದಾರೆ ಅಂದರೆ ನಮಗೆ ಕೊಬ್ಬು ಹೊಟ್ಟೆಯ ಸುತ್ತ ಬೇಗ ಸೇರುತ್ತದೆ, ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಬರುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ ಅನ್ನುವ ಗಂಡಸರನ್ನು ನಿಮ್ಮ ಮನೆಯಲ್ಲೇ ನೋಡಿರುತ್ತೀರಿ.

ಇನ್ನು ಇಳಿಸಬಾರದವರು. ಬಸುರಿಯರು, ಎದೆಹಾಲು ಕುಡಿಸುವ ಬಾಣಂತಿಯರು, ಬೆಳೆಯುವ ಮಕ್ಕಳು, ಟಿಬಿ ಔಷಧಿಯಲ್ಲಿ ಇರುವವರು ತಾವಾಗಿಯೇ ಡಯಟ್ ಶುರು ಮಾಡಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬಂದು ಬಿದ್ದುಬಿಡಬಹುದು. ಮೊದಲು ಕೇಳಿ, ಮಾತ್ರೆಯ ಪ್ರಮಾಣ ಬದಲಾಯಿಸಬೇಕಾಗುತ್ತದೋ ಏನೋ. ಮತ್ತೆ, ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಖುಷಿ ಪಡಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ಸಕ್ಕರೆ ಮತ್ತು ಕಫ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಬಗ್ಗೆ ತುಂಬ ಜನ ಕೇಳುತ್ತೀರಿ. ವಿಪರೀತ ಸುಸ್ತು, ಮುಟ್ಟಿನ ಏರುಪೇರು, ಕೂದಲು ಉದುರುವುದು ಇದ್ದರೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಆದರೆ ರಿಪೋರ್ಟು ಸರಿ ಇದ್ದ ಮೇಲೂ "ನಂದು ಥೈರಾಯ್ಡ್ ಬಾಡಿ" ಅಂತ ಕೂರಬಾರದು.

ಹಸಿದು ಕೂತರೆ ಏನಾಗುತ್ತದೆ

ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. ನಲವತ್ತು ದಾಟಿದ ಮೇಲೆ ಜೀಪಿನಲ್ಲೇ ಓಡಾಟ, ಹೋದಲ್ಲೆಲ್ಲ ಟೀ, ಸಭೆಗಳಲ್ಲಿ ಬೋಂಡ. ತೂಕ ಏರಿತು. ಬಿಪಿ ಬಂತು. ಹಠ ಮಾಡಿ ರಾತ್ರಿ ಊಟ ಪೂರ್ತಿ ಬಿಟ್ಟೆ, ಮಧ್ಯಾಹ್ನ ಎರಡು ಚಪಾತಿ ಮಾತ್ರ. ಎರಡು ತಿಂಗಳಲ್ಲಿ 6 ಕೆಜಿ ಇಳಿಯಿತು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಆದರೆ ಸಣ್ಣ ಮಾತಿಗೂ ಸಿಟ್ಟು, ರಾತ್ರಿ ನಿದ್ದೆ ಇಲ್ಲ. ಒಂದು ದಿನ ರಾತ್ರಿ ಹನ್ನೊಂದಕ್ಕೆ ಕಾನ್ವೆಂಟಿನ ಅಡಿಗೆ ಮನೆಯಲ್ಲಿ ಲೈಟು ಹಾಕದೆ ನಿಂತು ಬ್ರೆಡ್ಡಿಗೆ ಸಕ್ಕರೆ ಹಚ್ಚಿಕೊಂಡು ತಿನ್ನುತ್ತಿದ್ದೆ. ಅಲ್ಲಿಗೆ ಹಠ ಮುಗಿಯಿತು. ಆರು ತಿಂಗಳಲ್ಲಿ ಹೋದ ಆರರ ಜೊತೆ ಇನ್ನೆರಡು ಕೆಜಿ ಬಂದವು. ನನ್ನ ಮನಸ್ಸು ಗಟ್ಟಿಯಿಲ್ಲ ಅಂತ ತುಂಬ ದಿನ ನನ್ನನ್ನೇ ಬೈದುಕೊಂಡೆ.

ಆಮೇಲೆ ಓದಿದಾಗ ಗೊತ್ತಾಯಿತು, ಇದು ಮನಸ್ಸಿನ ವಿಷಯ ಮಾತ್ರ ಅಲ್ಲ ಅಂತ. ಎರಡನೇ ಮಹಾಯುದ್ಧದ ಸಮಯದಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗಲು ಒಪ್ಪದ 36 ಮಂದಿ ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದರು. ಆರು ತಿಂಗಳು ಅವರಿಗೆ ಹೆಚ್ಚು ಕಡಿಮೆ ಅರ್ಧ ಊಟ. ದೇಹದ ತೂಕದಲ್ಲಿ ಕಾಲು ಭಾಗ ಹೋಯಿತು. ಜೊತೆಗೆ ಮೈ ಸದಾ ತಣ್ಣಗೆ, ನಾಡಿ ನಿಧಾನ, ಎಲ್ಲರ ಮೇಲೂ ಸಿಡುಕು. ಹಗಲು ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡಿಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ! ಪ್ರಯೋಗ ಮುಗಿದು ಬೇಕಾದಷ್ಟು ಊಟ ಕೊಟ್ಟಾಗ ಎಷ್ಟು ತಿಂದರೂ ಹೊಟ್ಟೆ ತುಂಬಿದ ಹಾಗೆ ಅನಿಸಲಿಲ್ಲ. ತೂಕ ವಾಪಸ್ ಬಂತು, ಕೊಬ್ಬು ಮೊದಲಿಗಿಂತ ಜಾಸ್ತಿ ಬಂತು.

ಯಾಕೆ ಹೀಗೆ? ನೀವು ಡಯಟ್ ಮಾಡುತ್ತಿದ್ದೀರಾ, ಬರಗಾಲ ಬಂದಿದೆಯಾ ಅನ್ನೋದು ದೇಹಕ್ಕೆ ಗೊತ್ತಾಗಲ್ಲ. ಆದಾಯ ಅರ್ಧ ಆದ ಮನೆಯ ಹಾಗೆ ಅದು ಖರ್ಚು ಕಡಿಮೆ ಮಾಡುತ್ತದೆ. ಹಸಿವನ್ನು ಜಾಸ್ತಿ ಮಾಡುತ್ತದೆ. ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ಊಟ ಮತ್ತೆ ಶುರುವಾದಾಗ ಮಾಂಸಖಂಡಕ್ಕಿಂತ ಕೊಬ್ಬು ಬೇಗ ತುಂಬಿಕೊಳ್ಳುತ್ತದೆ. ಹಾಗಾಗಿ ಹಸಿದು ಇಳಿಸಿದವರು ವರ್ಷ ಕಳೆದ ಮೇಲೆ ಅದೇ ತೂಕದಲ್ಲಿ ಇದ್ದರೂ ಮೊದಲಿಗಿಂತ ಬಲಹೀನರಾಗಿರುತ್ತಾರೆ.

ಪುಡಿ, ಟೀ, ಇಂಜೆಕ್ಷನ್ನು

ನಮ್ಮ ಸಂಘವೊಂದರಲ್ಲಿ ನಲವತ್ತೆರಡು ವರ್ಷದ ಸದಸ್ಯೆಯೊಬ್ಬರು ಮಗಳ ಕಾಲೇಜು ಫೀಸಿಗೆ ಅಂತ ಆಂತರಿಕ ಸಾಲ ತೆಗೆದುಕೊಂಡು ತೂಕ ಇಳಿಸುವ ಪುಡಿಯ ಡಬ್ಬಿ ಕೊಂಡರು. ಮಾರಿದವರು ಹೊರಗಿನವರಲ್ಲ, ಪಕ್ಕದ ಊರಿನ ಪರಿಚಯದವರೇ. ಬೆಳಗ್ಗೆ ರಾತ್ರಿ ಊಟದ ಬದಲು ಆ ಪುಡಿ. ಮೂರು ತಿಂಗಳಲ್ಲಿ 78 ಕೆಜಿಯಿಂದ 71ಕ್ಕೆ ಬಂದರು. ದುಡ್ಡು ಮುಗಿಯಿತು, ಡಬ್ಬಿ ನಿಂತಿತು, ತೂಕ 79 ಆಯಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಗಂಡನಿಗೆ ಗೊತ್ತಾಗಿ ಮನೆಯಲ್ಲಿ ದೊಡ್ಡ ಜಗಳ. ಅವರನ್ನು ನಾನು ಬೈಯಲಿಲ್ಲ. ಇಷ್ಟು ವರ್ಷ ತನ್ನ ಮೈಗಾಗಿ ಅಂತ ಒಂದು ರೂಪಾಯಿ ಖರ್ಚು ಮಾಡದ ಹೆಂಗಸು ಮೊದಲ ಸಲ ಖರ್ಚು ಮಾಡಿದ್ದು ಹೀಗೆ ವ್ಯರ್ಥವಾಯಿತಲ್ಲ ಅಂತ ಸಂಕಟ ಆಯಿತು. ಇವರ ವಿಷಯ ಮುಂದೆ ಇನ್ನೂ ಇದೆ.

ಪುಡಿಯಲ್ಲಿ ವಿಷ ಇರಲೇಬೇಕಾಗಿಲ್ಲ. ಆದರೆ ಜೀವನ ಪೂರ್ತಿ ಅದನ್ನು ಕೊಂಡು ಕುಡಿಯಲು ನಿಮ್ಮಿಂದ ಆಗುತ್ತದಾ ಅಂತ ಕೇಳಿಕೊಳ್ಳಿ. ಆಗದು ಅಂದರೆ ಶುರು ಮಾಡಬೇಡಿ. ತೂಕ ಇಳಿಸುವ ಟೀ ಅಂತ ಮಾರುವುದರಲ್ಲಿ ಎಷ್ಟೋ ಭೇದಿಗೆ ಹೋಗುವ ಸೊಪ್ಪು ಬೆರೆಸಿದ್ದು. ಇಳಿಯುವುದು ನೀರು, ಕೊಬ್ಬಲ್ಲ. 2025ರಿಂದ ನಮ್ಮ ದೇಶದಲ್ಲೂ ವಾರಕ್ಕೊಮ್ಮೆ ಹಾಕಿಕೊಳ್ಳುವ ಇಂಜೆಕ್ಷನ್ನು ತೂಕ ಇಳಿಸಲು ಸಿಗುತ್ತಿದೆ. ಅದು ನಿಜವಾದ ಔಷಧಿಯೇ, ತೂಕವೂ ಇಳಿಯುತ್ತದೆ. ಆದರೆ ಡಾಕ್ಟರ ಚೀಟಿ ಇಲ್ಲದೆ ಯಾರೂ ಮುಟ್ಟಬಾರದು, ಮತ್ತೆ ನಿಲ್ಲಿಸಿದರೆ ಹೆಚ್ಚಿನವರಿಗೆ ಹೋದ ತೂಕದ ಬಹುಪಾಲು ವಾಪಸ್ ಬರುತ್ತದೆ.

ಎಷ್ಟು ಇಳಿಸಬೇಕು?

ಮದುವೆಯಾದಾಗ 45 ಕೆಜಿ ಇದ್ದೆ, ಈಗ 75, ಮತ್ತೆ 45 ಆಗಬೇಕು ಅನ್ನುವ ಆಸೆ ಬಿಡಿ. ಮೊದಲ ಗುರಿ ನೂರಕ್ಕೆ ಐದು. 75 ಕೆಜಿ ಇರುವವರಿಗೆ ಸುಮಾರು 4 ಕೆಜಿ, ಅದೂ ಆರು ತಿಂಗಳಲ್ಲಿ. ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಇಳಿಯುವ ಆತುರ ಬೇಡ. "ಇಷ್ಟೇನಾ?" ಅಂತೀರಿ. ಮಂಡಿಯ ಲೆಕ್ಕ ಕೇಳಿ: ಮೈಯಿಂದ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಕಡಿಮೆಯಾಗುತ್ತದೆ ಅಂತ ಅಳೆದು ನೋಡಿದ್ದಾರೆ. 4 ಕೆಜಿ ಇಳಿದರೆ ಹೆಜ್ಜೆಗೆ 16 ಕೆಜಿ. ಒಂದು ಬಿಂದಿಗೆ ನೀರು ಸೊಂಟದಿಂದ ಇಳಿಸಿಟ್ಟ ಹಾಗೆ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಇನ್ನೊಂದು ಸಮಾಧಾನದ ಸಂಗತಿ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮಾಮೂಲಿ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ ಬದಲಾಯಿಸಿ, ನಡಿಗೆ ಹೆಚ್ಚಿಸಿದವರಲ್ಲಿ ನೂರಕ್ಕೆ 39. ವಿಶೇಷ ಏನೆಂದರೆ ಅವರ ತೂಕ ಅಷ್ಟೇನೂ ಇಳಿದಿರಲಿಲ್ಲ! ಹಾಗಾಗಿ ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ ಅಂತ ಮೂರನೇ ವಾರಕ್ಕೆ ಬಿಟ್ಟುಬಿಡಬೇಡಿ. ತಕ್ಕಡಿಗೆ ಕಾಣದ ಲಾಭ ಒಳಗೆ ಆಗುತ್ತಿರುತ್ತದೆ.

ಒಂದು ಹಿಡಿ ಅಕ್ಕಿಯಿಂದ ಶುರು

ಹಳೆಯ ಸದಸ್ಯರಿಗೆ ನೆನಪಿರಬಹುದು, ಸಂಘ ಕಟ್ಟಿದ ಹೊಸದರಲ್ಲಿ ಉಳಿತಾಯಕ್ಕೆ ದುಡ್ಡಿಲ್ಲದಾಗ ದಿನಾ ಅಡಿಗೆಗೆ ತೆಗೆದ ಅಕ್ಕಿಯಿಂದ ಒಂದು ಹಿಡಿ ಬೇರೆ ಡಬ್ಬಕ್ಕೆ ಹಾಕುತ್ತಿದ್ದಿರಿ. ಅದನ್ನೇ ಮತ್ತೆ ಮಾಡಿ. ಪಾತ್ರೆಗೆ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿ, ಸಾರಿಗೆ ಒಂದು ಹಿಡಿ ಕಾಳು ಜಾಸ್ತಿ ಹಾಕಿ. ಮೊದಲ ತಿಂಗಳು ಇಷ್ಟೇ. ತಳದಲ್ಲಿ ಅನ್ನ ಉಳಿಯದಿದ್ದರೆ ಹತ್ತು ಗಂಟೆಗೆ ಅದನ್ನು ಮುಗಿಸುವ ಕೆಲಸವೂ ನಿಮಗೆ ಇರುವುದಿಲ್ಲ.

ಎರಡನೇ ತಿಂಗಳು ತಟ್ಟೆಯ ಲೆಕ್ಕ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳು ಬೇಳೆ ಅಥವಾ ಮೊಟ್ಟೆ ಮೀನು, ಇನ್ನು ಕಾಲು ಭಾಗ ಮಾತ್ರ ಅನ್ನವೋ ಮುದ್ದೆಯೋ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಅರ್ಧ ತಟ್ಟೆ ತರಕಾರಿ ಹಣ್ಣು ಇರಲಿ ಅನ್ನುತ್ತದೆ. ನಮ್ಮ ತಟ್ಟೆ ಈಗ ಹೇಗಿದೆ? ಗುಡ್ಡದಷ್ಟು ಅನ್ನ, ಅದರ ಮೇಲೆ ಸಾರು, ತುದಿಯಲ್ಲಿ ಒಂದು ಚಮಚ ಪಲ್ಯ, ಉಪ್ಪಿನಕಾಯಿ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ನಾನು ಹೋಗುವ ಹಳ್ಳಿಗಳಲ್ಲಿ ಹಸಿದು ಮಲಗುವುದು ನಿಂತಿತು. ಅದು ಸಣ್ಣ ವಿಷಯ ಅಲ್ಲ, ಹಸಿವು ಕಂಡವರಿಗೆ ಗೊತ್ತು. ಆದರೆ ಅಕ್ಕಿ ಚೀಲ ತುಂಬಿದ ಹಾಗೆ ಹುರುಳಿ, ಅಲಸಂದೆ, ಅವರೆಕಾಳಿನ ಡಬ್ಬ ಖಾಲಿಯಾಗುತ್ತಾ ಬಂತು.

ರಾಗಿಯ ಬಗ್ಗೆ ಒಂದು ಮಾತು. "ಮುದ್ದೆ ಉಂಡ್ರೆ ತೂಕ ಇಳಿಯುತ್ತೆ ಅಲ್ವಾ ಸಿಸ್ಟರ್?" ಅಂತ ಎಲ್ಲ ಕಡೆ ಕೇಳುತ್ತಾರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320. ಅಂಥಾ ವ್ಯತ್ಯಾಸ ಏನಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದ ಅಂಶ ತುಂಬಾ ಜಾಸ್ತಿ, ಹೊಟ್ಟೆ ತುಂಬಿದ ಹಾಗೆ ಬಹಳ ಹೊತ್ತು ಇರುತ್ತದೆ. ಅದಕ್ಕೇ ಒಳ್ಳೆಯದು. ಒಂದು ಸಣ್ಣ ಮುದ್ದೆ ಉಂಡು ನಿಲ್ಲಿಸಿದರೆ ಲಾಭ. ಎರಡು ದೊಡ್ಡ ಮುದ್ದೆ ನುಂಗಿ, "ಸ್ವಲ್ಪ ಅನ್ನ ಉಣ್ಣದಿದ್ರೆ ಊಟ ಮಾಡಿದ ಹಾಗಾಗಲ್ಲ" ಅಂತ ಮೇಲೆ ಅನ್ನವನ್ನೂ ಹಾಕಿಕೊಂಡರೆ ರಾಗಿ ಏನು ಮಾಡೀತು?

ತರಕಾರಿಗೆ ದುಡ್ಡೆಲ್ಲಿ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಬೀನ್ಸ್, ಕ್ಯಾರೆಟ್ ಬೆಲೆ ಕೇಳಿದರೆ ನನಗೂ ಭಯ ಆಗುತ್ತದೆ. ಆದರೆ ದಂಟು, ಹೊನಗೊನೆ, ನುಗ್ಗೆ ಸೊಪ್ಪಿಗೆ ಬೀನ್ಸಿನ ಬೆಲೆ ಇಲ್ಲ. ಬಚ್ಚಲ ನೀರು ಹೋಗುವ ಕಡೆ ಒಂದು ನುಗ್ಗೆ ಗಿಡ, ಒಂದು ಪರಂಗಿ ಗಿಡ ಇದ್ದರೆ ಸಂತೆಗೆ ಹೋಗುವುದು ಅರ್ಧ ತಪ್ಪುತ್ತದೆ. ಬಸ್ಸಾರು, ಉಪ್ಸಾರು, ಮಸೊಪ್ಪು ನಮ್ಮ ಅಜ್ಜಿಯರ ಅಡಿಗೆ. ಸೊಪ್ಪು ಕಾಳು ಎರಡೂ ಒಂದೇ ಪಾತ್ರೆಯಲ್ಲಿ, ಎಣ್ಣೆ ಒಗ್ಗರಣೆಗೆ ಮಾತ್ರ. ಹುರುಳಿಕಾಳಿನಲ್ಲಿರುವ ಪ್ರೋಟೀನು ತೊಗರಿಬೇಳೆಗೆ ಸಮ. ದನಕ್ಕೆ ಹಾಕುವ ಕಾಳು ಅಂತ ಅದನ್ನು ಕೀಳಾಗಿ ನೋಡುವವರೂ ಇದ್ದಾರೆ, ದಯವಿಟ್ಟು ನೋಡಬೇಡಿ.

ಟೀ ಮತ್ತು ಎಣ್ಣೆಯ ಲೆಕ್ಕವನ್ನು ಸಂಘದ ಲೆಕ್ಕ ಬರೆಯುವ ಹಾಗೆ ಬರೆಯಿರಿ. ದಿನಕ್ಕೆ ಐದು ಟೀ, ಟೀಗೆ ಎರಡು ಚಮಚ ಸಕ್ಕರೆ ಅಂದರೆ 50 ಗ್ರಾಂ. ತಿಂಗಳಿಗೆ ಒಬ್ಬರಿಗೇ ಒಂದೂವರೆ ಕೆಜಿ. ಒಂದೇ ದಿನ ಬಿಡಲು ಹೋಗಬೇಡಿ, ತಲೆನೋವು ಬರುತ್ತದೆ, ಮರುದಿನ ಮೂರು ಚಮಚ ಹಾಕಿಕೊಳ್ಳುತ್ತೀರಿ. ಹದಿನೈದು ದಿನಕ್ಕೆ ಅರ್ಧ ಚಮಚ ಇಳಿಸಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಎಣ್ಣೆ ಒಬ್ಬರಿಗೆ ದಿನಕ್ಕೆ 20ರಿಂದ 25 ಗ್ರಾಂ, ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದು ಲೀಟರಿನ ಪಾಕೆಟ್ಟು ಮೂರು ಸಾಕು. ಹೆಚ್ಚು ಮನೆಗಳಲ್ಲಿ ಕೇಳಿದಾಗ ಐದು, ಆರು ಅನ್ನುತ್ತಾರೆ. ತಿಂಗಳ ಮೊದಲ ದಿನವೇ ಮೂರು ಪಾಕೆಟ್ಟು ಬೇರೆ ಎತ್ತಿಟ್ಟು, ಅದರಲ್ಲೇ ಮುಗಿಸಲು ನೋಡಿ.

ಇಡೀ ಮನೆಗೆ ಒಂದೇ ಅಡಿಗೆ ಇರಲಿ. ನಿಮಗೊಂದು ಡಯಟ್, ಮನೆಯವರಿಗೊಂದು ಅಡಿಗೆ ಅಂದರೆ ಎರಡು ವಾರಕ್ಕಿಂತ ಹೆಚ್ಚು ನಡೆಯಲ್ಲ. ಮೇಲೆ ಹೇಳಿದ ತಟ್ಟೆ ಗಂಡನಿಗೂ ಅತ್ತೆಗೂ ಒಳ್ಳೆಯದೇ. ಮಕ್ಕಳಿಗೆ ಮಾತ್ರ ಅನ್ನ, ಮುದ್ದೆ, ಹಾಲು, ಮೊಟ್ಟೆ ಕಡಿಮೆ ಮಾಡಬೇಡಿ. ಅತ್ತೆಯಂದಿರು "ಸೊಸೆ ಸೊರಗಿದ್ರೆ ನಮ್ಮ ಮನೆಗೆ ಕೆಟ್ಟ ಹೆಸರು" ಅಂತ ಬಲವಂತ ಮಾಡುತ್ತಾರೆ. ಸಿಟ್ಟಾಗಬೇಡಿ, ಅವರು ಬರಗಾಲ ಕಂಡವರು. ಎಲ್ಲಕ್ಕಿಂತ ಮುಖ್ಯ, ರಾತ್ರಿ ಎಂಟಕ್ಕೆ ಎಲ್ಲರ ಜೊತೆ ನೀವೂ ಕೂತು ಉಣ್ಣಿ. ಇದನ್ನು ಹೇಳಿದಾಗ ಸಭೆಯಲ್ಲಿ ನಗುತ್ತೀರಿ. ಆದರೆ ಈ ಪಾಠದಲ್ಲಿ ಅತಿ ಕಷ್ಟದ ಕೆಲಸ ಇದೇ, ಅನ್ನ ಬಿಡುವುದಲ್ಲ.

ಉಪವಾಸ ಬೇರೆ, ಡಯಟ್ ಬೇರೆ. ನಮ್ಮ ಸಂಘಗಳಲ್ಲಿ ಶ್ರಾವಣ ಶನಿವಾರ ಮಾಡುವವರು, ರಂಜಾನ್ ರೋಜಾ ಇರುವವರು, ತಪಸ್ಸುಕಾಲ ಆಚರಿಸುವವರು ಎಲ್ಲರೂ ಇದ್ದೀರಿ. ಅದು ದೇವರಿಗೆ ಸೇರಿದ್ದು, ತೂಕದ ಲೆಕ್ಕಕ್ಕೆ ಎಳೆಯಬೇಡಿ. ಹಗಲೆಲ್ಲ ಹಸಿದಿದ್ದು ಸಂಜೆ ಸಬ್ಬಕ್ಕಿ ವಡೆ, ಸಮೋಸ ತಿಂದರೆ ತೂಕ ಇಳಿಯುವುದೂ ಇಲ್ಲ.

ನಡಿಗೆ

ಹೊಲದಲ್ಲಿ ಕಳೆ ಕೀಳುವವರಿಗೆ, ತಲೆ ಮೇಲೆ ಹುಲ್ಲು ಹೊರುವವರಿಗೆ ವಾಕಿಂಗ್ ಪಾಠ ಹೇಳಲು ನನಗೆ ಸಂಕೋಚ. ಅವರು ಊಟ ಸರಿ ಮಾಡಿಕೊಂಡರೆ ಸಾಕು. ಹೊಲಿಗೆ ಮಿಷನ್ ಮುಂದೆ, ಗಾರ್ಮೆಂಟ್ಸಿನಲ್ಲಿ, ಅಂಗಡಿಯಲ್ಲಿ ಕೂತು ಕೆಲಸ ಮಾಡುವವರು ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಹಳ್ಳಿಯಲ್ಲಿ ಹೆಂಗಸು ಸುಮ್ಮನೆ ನಡೆದರೆ "ಕೆಲಸ ಇಲ್ದೆ ಬೀದಿ ಸುತ್ತೋಳು" ಅಂತಾರೆ. ಒಂದೂರಿನ ಸದಸ್ಯರು ಇದಕ್ಕೆ ಉಪಾಯ ಕಂಡುಕೊಂಡರು. ಸೈಕಲ್ಲಿನಲ್ಲಿ ಗಂಡಸರು ಕೊಂಡೊಯ್ಯುತ್ತಿದ್ದ ಡೈರಿ ಹಾಲನ್ನು ತಾವೇ ಹಿಡಿದು, ನಾಲ್ಕು ಜನ ಜೊತೆಯಾಗಿ ನಡೆದುಕೊಂಡು ಹೋಗುತ್ತಾರೆ. ಕ್ಯಾನು ಕೈಯಲ್ಲಿದ್ದರೆ ಯಾರೂ ಏನೂ ಅನ್ನಲ್ಲ! ಮಂಡಿ ನೋವು ಇರುವವರು ಕುರ್ಚಿಯಲ್ಲಿ ಕೂತು ಕೈ ಊರದೆ ಎದ್ದು, ಕೂತು, ಹತ್ತು ಸಲ ಮಾಡಿ. ತೊಡೆ ಗಟ್ಟಿಯಾದರೆ ಮಂಡಿಗೆ ಆಸರೆ.

ಸಂಘದಲ್ಲಿ ಹೇಗೆ ಮಾಡಬೇಕು, ಹೇಗೆ ಮಾಡಬಾರದು

ಒಂದು ಸಂಘದವರು ಉತ್ಸಾಹದಿಂದ ಅಂಗನವಾಡಿ ತಕ್ಕಡಿ ತಂದು ಎಲ್ಲರ ತೂಕ ಗಟ್ಟಿಯಾಗಿ ಓದಿ, ಏರಿದವರಿಗೆ ಕೆಜಿಗೆ ಹತ್ತು ರೂಪಾಯಿ ದಂಡ ಹಾಕಿದರು. ಮೂರನೇ ತಿಂಗಳಿಗೆ ಐವರು ಸಭೆಗೇ ಬರಲಿಲ್ಲ. ಉಳಿತಾಯವೂ ನಿಂತಿತು. ನಾಚಿಕೆಯಿಂದ ಯಾರ ತೂಕವೂ ಇಳಿಯುವುದಿಲ್ಲ. ಅವಮಾನ ಆದವರು ಮನೆಗೆ ಹೋಗಿ ಇನ್ನೊಂದು ತುತ್ತು ಜಾಸ್ತಿಯೇ ತಿನ್ನುತ್ತಾರೆ. ಅಳತೆ ಪಕ್ಕದ ಕೋಣೆಯಲ್ಲಿ ಆಗಲಿ, ಅವರವರ ಪುಸ್ತಕದಲ್ಲಿ ಅವರವರೇ ಬರೆದುಕೊಳ್ಳಲಿ, ತಿಂಗಳಿಗೆ ಒಮ್ಮೆ ಸಾಕು. ಸಭೆಯಲ್ಲಿ ಮಾತಾಡುವುದು ಏನು ಅಡಿಗೆ ಮಾಡಿದಿರಿ, ಏನು ಕಷ್ಟವಾಯಿತು ಅನ್ನೋದರ ಬಗ್ಗೆ. ಸಭೆಯ ಟೀ ಜೊತೆಗಿನ ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಯಿಯೋ ಸೌತೆಕಾಯಿಯೋ ಇರಲಿ. ನಮ್ಮ ಕಚೇರಿಯ ತರಬೇತಿಗಳಲ್ಲಿ ಬೋಂಡ ನಿಲ್ಲಿಸಲು ನಾನು ಇನ್ನೂ ಪ್ರಯತ್ನಪಡುತ್ತಿದ್ದೇನೆ.

ಪುಡಿ ಕೊಂಡು ಸಾಲ ಮಾಡಿದ ಸದಸ್ಯೆಯ ವಿಷಯಕ್ಕೆ ಬರುತ್ತೇನೆ. ಹಿಡಿ ಅಕ್ಕಿ, ಅರ್ಧ ಚಮಚ ಸಕ್ಕರೆ, ಎಂಟು ಗಂಟೆಯ ಊಟ, ಡೈರಿಗೆ ನಡಿಗೆ. ಮೊದಲ ತಿಂಗಳು ಏನೂ ಇಳಿಯಲಿಲ್ಲ. ನಾಲ್ಕನೇ ತಿಂಗಳಿಗೆ 79ರಿಂದ 76. ದೀಪಾವಳಿ ಮತ್ತು ತಂಗಿಯ ಮದುವೆ ಒಂದೇ ತಿಂಗಳಲ್ಲಿ ಬಂದು 77 ಆಯಿತು. ಅತ್ತರು. ಇದು ಸೋಲಲ್ಲ, ಮದುವೆಯಲ್ಲಿ ಒಬ್ಬಟ್ಟು ತಿನ್ನದೆ ಇರೋಕಾಗುತ್ತಾ, ಸೋಮವಾರದಿಂದ ಮತ್ತೆ ಹಿಡಿ ಅಕ್ಕಿ ತೆಗೆಯಿರಿ ಅಂದೆ. ಹದಿನಾಲ್ಕು ತಿಂಗಳಿಗೆ 73. ಸೊಂಟ ಮೂರು ಇಂಚು ಇಳಿದಿದೆ. ಮಂಡಿ ನೋವು ಪೂರ್ತಿ ಹೋಗಿಲ್ಲ, ಆದರೆ ಈಗ ಬಸ್ಸಿನ ಮೆಟ್ಟಿಲಿಗೆ ಯಾರ ಕೈಯೂ ಬೇಡ. ಗಂಡನ ಸಕ್ಕರೆಯೂ ಕಡಿಮೆಯಾಗಿದೆ, ಅವರಿಗೆ ಯಾರೂ ಪಾಠ ಹೇಳಿರಲಿಲ್ಲ, ಅದೇ ಪಾತ್ರೆಯದ್ದು ಉಂಡರು ಅಷ್ಟೇ. ಪುಡಿಯ ಸಾಲದ ಕೊನೆಯ ಕಂತು ಕಟ್ಟಿದ ದಿನ ಸಂಘಕ್ಕೆಲ್ಲ ಹುರುಳಿ ಉಸಲಿ ಮಾಡಿಕೊಂಡು ಬಂದಿದ್ದರು.

ಮುಂದಿನ ಸಭೆಗೆ

ಪ್ರತಿನಿಧಿಗಳು ಒಂದು ಹೊಲಿಗೆ ಟೇಪು ತನ್ನಿ. ಸದಸ್ಯರೆಲ್ಲ ಒಂದು ದಿನ, ನಿಂತು ತಿಂದದ್ದು, ಮಕ್ಕಳು ಬಿಟ್ಟದ್ದು, ಟೀ ಎಲ್ಲ ಸೇರಿಸಿ, ಬಾಯಿಗೆ ಹೋದದ್ದನ್ನು ಬರೆದು ತನ್ನಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಕಳೆದ ತಿಂಗಳು ಎಷ್ಟು ಎಣ್ಣೆ ಪಾಕೆಟ್ಟು ಖಾಲಿಯಾಯಿತು ಅಂತ ಎಣಿಸಿ. ಸಭೆಯಲ್ಲಿ ಇವನ್ನು ಚರ್ಚಿಸಿ: ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು, ಯಾಕೆ? ಉಳಿದ ಅನ್ನವನ್ನು ಏನು ಮಾಡುತ್ತೇವೆ? ಸಂಘದ ಸಾಲದಿಂದ ಪುಡಿ, ಔಷಧಿ ಕೊಂಡವರು ನಮ್ಮಲ್ಲಿ ಇದ್ದಾರಾ? ಯಾರ ಹಿತ್ತಲಲ್ಲಿ ನುಗ್ಗೆ ಗಿಡ ಇದೆ, ಯಾರಿಗೆ ಕೊಂಬೆ ಬೇಕು? ಸೊಂಟದ ಅಳತೆ 80 ದಾಟಿದವರು, ವಯಸ್ಸು 30 ದಾಟಿದವರು ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿ, ಒಂದೇ ದಿನ ಒಟ್ಟಿಗೆ ಹೋಗಿ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಚೀಟಿಯನ್ನು ಪಾಸ್‌ಬುಕ್ಕಿನ ಒಳಗೇ ಇಟ್ಟುಕೊಳ್ಳಿ, ನಾನು ಬಂದಾಗ ನೋಡುತ್ತೇನೆ.